ಒಪ್ಪಿದೆ ಎಂಬ ಉತ್ತರ ಬರುವವರೆಗೆ

ಭಾನುವಾರ, ಮಧ್ಯಾಹ್ನ

ಮೆಣಸಿನ ಅಪ್ಪನಿಗೆ,

ಕ್ಷೇಮಸಮಾಚಾರ ಬರೆದು ಕಾಗದ ತುಂಬಿಸುವುದಿಲ್ಲ. ನೀನು ಚೆನ್ನಾಗಿದ್ದೀಯ ಎಂದು ಅತ್ತೆ ಹೇಳಿದರು. ನಾನು ಸೊರಗಿದ್ದೇನೆ ಎಂದೂ ಅವರೇ ಹೇಳಿದರು. ಎರಡನ್ನೂ ನಂಬಿದ್ದೇನೆ.

ವರ್ಗದ ಆದೇಶ ಬಂದಿದೆ, ಶಾಲೆಯ ಹೊಸ ವರ್ಷ ಶುರುವಾಗುವ ಮೊದಲು ಹೋಗಿ ಸೇರಬೇಕು, ಮೆಣಸನ್ನು ಜೊತೆಗೆ ಕರೆದುಕೊಂಡು ಹೋಗಿ ಅಲ್ಲೇ ಓದಿಸಬೇಕೆಂದಿದ್ದೇನೆ, ನಿನ್ನ ಒಪ್ಪಿಗೆ ಇದೆಯೋ ಇಲ್ಲವೋ ಬರೆದು ತಿಳಿಸು ಎಂದು ನೀನು ಪತ್ರದಲ್ಲಿ ಕೇಳಿದ್ದೆ. ಫೋನಿನಲ್ಲಿ ಬೇಡ, ಮೂರನೇ ಮಾತಿಗೆ ನಾವು ಜಗಳಕ್ಕೆ ಇಳಿಯುತ್ತೇವೆ ಎಂದೂ ಸೇರಿಸಿದ್ದೆ. ಅದು ನಿಜ. ಕಾಗದದಲ್ಲಾದರೆ ಒಂದು ವಾಕ್ಯವನ್ನು ಕೊನೆಯವರೆಗೆ ಹೇಳಬಹುದು, ನೀನು ನಡುವೆ ಬಾಯಿ ಹಾಕುವುದಿಲ್ಲ. ಉತ್ತರ ಈ ಪತ್ರದಲ್ಲೇ ಇದೆ. ಪತ್ತೇದಾರಿ ಕಾದಂಬರಿಯಲ್ಲೂ ಮೊದಲು ಕೊನೆಯ ಪುಟ ತಿರುವಿ ನೋಡುವವನು ನೀನು. ಈ ಸಲ ದಯವಿಟ್ಟು ಸಾಲಾಗಿ ಓದು.

ಅದಕ್ಕೂ ಮೊದಲು ಗುರುವಾರದ ವಿಷಯ ಹೇಳಬೇಕು. ನಾನು ಮಗುವನ್ನು ಶಾಲೆಯಿಂದ ಕರೆದು ತರುವುದನ್ನೇ ಮರೆತೆ ಎಂದು ಅತ್ತೆ ನಿನಗೆ ಹೇಳಿರಬಹುದು. ಮೆಣಸನ್ನು ಕೇಳಿದರೆ ‘ಅಮ್ಮನ್ನೇ ಕೇಳು’ ಎಂದಿರುತ್ತಾಳೆ. ಹಾಗೆನ್ನು ಎಂದು ಅವಳಿಗೆ ಹೇಳಿಕೊಟ್ಟವಳು ನಾನೇ. ನಿನ್ನ ಫೋನಿಗೆ ಅಷ್ಟೊಂದು ಸಲ ಕರೆ ಮಾಡಿ, ಕೊನೆಗೆ ನೀನು ತಿರುಗಿ ಮಾಡಿದಾಗ ‘ಏನಿಲ್ಲ, ಬ್ಯಾಗಿನಲ್ಲಿ ತಾನಾಗಿ ಒತ್ತಿಕೊಂಡುಬಿಟ್ಟಿದೆ’ ಎಂದೆನಲ್ಲ, ಅದನ್ನು ನೀನು ನಂಬಲಿಲ್ಲ ಎಂದು ನಿನ್ನ ‘ಹೂಂ’ ಕೇಳಿಯೇ ಗೊತ್ತಾಯಿತು. ನಂಬದಿದ್ದದ್ದು ಸರಿ.

ಗುರುವಾರ ಏನಾಯಿತೆಂದು ಹೇಳಬೇಕಾದರೆ ನಾನು ಏನು ಓದುತ್ತಿದ್ದೇನೆ ಎಂದೂ ಹೇಳಬೇಕಾಗುತ್ತದೆ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ, ಬೇರೆಯಾಗಿಯೂ ಒಂದೂವರೆ ವರ್ಷವಾದ ಮೇಲೆ, ಮೊದಲ ಸಲ ನಿನಗೆ ಪಾಠ ಮಾಡುತ್ತಿದ್ದೇನೆ. ನಿನ್ನ ಸ್ನೇಹಿತರು ಕೇಳಿದಾಗಲೆಲ್ಲ ‘ಡಬ್ಬಿ ಬರೆದು ಬಾಣ ಎಳೀತಾಳೆ’ ಎನ್ನುತ್ತಿದ್ದೆ. ಅದು ಪೂರ್ತಿ ಸುಳ್ಳೇನೂ ಅಲ್ಲ, ಡಬ್ಬಿಗಳೂ ಇವೆ, ಬಾಣಗಳೂ ಇವೆ.

ನಿನ್ನ ಕೆಲಸದಿಂದಲೇ ಶುರು ಮಾಡುತ್ತೇನೆ. ಅಂಗಡಿಯ ತಕ್ಕಡಿ ಸರಿಯಿದೆಯೇ ಎಂದು ನೋಡಲು ನೀನು ಸರ್ಕಾರದ ಬಟ್ಟುಗಳನ್ನು ಇಟ್ಟು ನೋಡುತ್ತೀಯ. ಐದು ಕಿಲೋಗೆ ಸರಿ, ಹತ್ತು ಕಿಲೋಗೆ ಸರಿ ಎಂದಾದರೆ ಏಳಕ್ಕೂ ಸರಿ ಎಂದು ಮೊಹರು ಒತ್ತಿ ಬರುತ್ತೀಯ. ತಕ್ಕಡಿ ಮರ್ಯಾದಸ್ಥ ವಸ್ತು, ಅದು ಹಾಗೇ ನಡೆದುಕೊಳ್ಳುತ್ತದೆ. ಆದರೆ ಸಾಫ್ಟ್‌ವೇರ್ ಹಾಗಲ್ಲ. ಐದಕ್ಕೂ ಹತ್ತಕ್ಕೂ ಸರಿಯಾಗಿದ್ದು ಏಳಕ್ಕೆ ತಲೆಕೆಟ್ಟಂತೆ ಆಡಬಲ್ಲದು. ಅಲ್ಲಿ ಒಂದೆರಡು ಕಡೆ ಪರೀಕ್ಷಿಸಿ ಮೊಹರು ಒತ್ತುವ ಹಾಗಿಲ್ಲ.

ಅದಕ್ಕೆ ನಾವು ಮಾಡುವುದು ಹೀಗೆ. ಸಾಫ್ಟ್‌ವೇರ್ ಕಟ್ಟುವ ಮೊದಲು ಅದರ ಮಾದರಿಯನ್ನು ಬರೆಯುತ್ತೇವೆ. ಮಾತಿನಲ್ಲಿ ಬರೆದರೆ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಳ್ಳುತ್ತಾರೆ, ಆದ್ದರಿಂದ ಅದಕ್ಕೆಂದೇ ಒಂದು ಪುಟ್ಟ ಭಾಷೆ ಕಟ್ಟುತ್ತೇವೆ. ಒಂದೇ ಬಗೆಯ ಕೆಲಸಕ್ಕೆ ಒಂದು ಭಾಷೆ. ರೈಲಿನವರಿಗೆ ಒಂದು, ಬ್ಯಾಂಕಿನವರಿಗೆ ಒಂದು. ನಮ್ಮದು ಆಸ್ಪತ್ರೆಯಲ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ವಸ್ತುಗಳದ್ದು. ವಾರ್ಡಿನ ನರ್ಸ್ ತೆಗೆದ ರಕ್ತದ ಸ್ಯಾಂಪಲ್ಲು ಸಹಾಯಕನ ಕೈಗೆ, ಅವನಿಂದ ಲ್ಯಾಬಿಗೆ. ಆ ಭಾಷೆಯಲ್ಲಿ ಪದಗಳು ಬಹಳ ಕಡಿಮೆ. ವ್ಯಕ್ತಿ, ವಸ್ತು, ಕೊಡು, ಪಡೆ, ಕಾಯು, ಒಪ್ಪಿದೆ, ಹೀಗೆ. ಪ್ರತಿ ಪದದ ಅರ್ಥವನ್ನೂ ಗಣಿತದಲ್ಲಿ ಕಟ್ಟಿಹಾಕಿರುತ್ತೇವೆ. ‘ನಾನು ಹಾಗೆ ಹೇಳಿದ್ದಲ್ಲ’ ಎಂದು ಆಮೇಲೆ ಯಾರೂ ಜಾರಿಕೊಳ್ಳುವಂತಿಲ್ಲ. ನಮ್ಮಿಬ್ಬರಿಗೆ ಮದುವೆಯ ದಿನವೇ ಇಂಥದ್ದೊಂದು ಕೊಡಬೇಕಿತ್ತು.

ಮಾದರಿ ಬರೆದಾದ ಮೇಲೆ ಅದನ್ನು ತಪಾಸಣೆಯ ಪ್ರೋಗ್ರಾಂಗೆ ಕೊಡುತ್ತೇವೆ. ಅದು ಏನೇನು ನಡೆಯಲು ಸಾಧ್ಯವೋ ಅಷ್ಟನ್ನೂ, ಒಂದನ್ನೂ ಬಿಡದೆ, ನಡೆಸಿ ನೋಡುತ್ತದೆ. ಎಲ್ಲಾದರೂ ಕೆಟ್ಟದ್ದು ಕಂಡರೆ, ಮೊದಲು ಹೀಗಾಯಿತು, ಆಮೇಲೆ ಹೀಗಾಯಿತು, ಕೊನೆಗೆ ಕೆಟ್ಟಿತು ಎಂದು ಇಡೀ ದಾರಿಯನ್ನು ಬರೆದು ಮುಂದಿಡುತ್ತದೆ. ಏನೂ ಕಾಣದಿದ್ದರೆ ಸುಮ್ಮನಿರುತ್ತದೆ. ಹೊಗಳಿಕೆ ಅನ್ನುವುದು ಅದಕ್ಕೆ ಗೊತ್ತೇ ಇಲ್ಲ. ನಮ್ಮ ಲ್ಯಾಬಿನಲ್ಲಿ ಅದನ್ನು ದೊಡ್ಡತ್ತೆ ಎಂದು ಕರೆಯುತ್ತೇವೆ. ಅತ್ತೆಗೆ ಹೇಳಬೇಡ, ಹೆಸರಿಟ್ಟವಳು ನಾನಲ್ಲ, ನನ್ನ ಪಕ್ಕದ ಮೇಜಿನ ಹುಡುಗ ಕಡ್ಡಿ. ಅವನೂ ಹಾಗೆ ಕರೆಸಿಕೊಳ್ಳುವಷ್ಟು ಸಣಕಲ.

ನಮ್ಮ ಗೈಡ್ ಮೇಡಂ ಕಳೆದ ಸಲ ಎಲ್ಲರಿಗೂ ಒಂದು ಕೆಲಸ ಹೇಳಿದರು. ಈ ಭಾಷೆ ಆಸ್ಪತ್ರೆಯ ಹೊರಗೆ ಎಷ್ಟು ನಿಲ್ಲುತ್ತದೆ ನೋಡೋಣ, ನಿಮ್ಮ ನಿಮ್ಮ ಮನೆಯ ಯಾವುದಾದರೂ ವ್ಯವಹಾರವನ್ನು ಇದರಲ್ಲಿ ಬರೆದು ತನ್ನಿ ಎಂದು. ಕಡ್ಡಿ ತನ್ನ ಬಾಡಿಗೆ ಮನೆಯ ಮೂವರು ಒಂದೇ ಬೀಗದ ಕೈ ಹಂಚಿಕೊಳ್ಳುವುದನ್ನು ಬರೆದ. ನಾನು ನಮ್ಮ ಏರ್ಪಾಟನ್ನು ಬರೆದೆ.

ಹೌದು, ನಮ್ಮದನ್ನೇ. ಸಮಾಲೋಚಕಿಯ ಮುಂದೆ ಕೂತು ನಾವಿಬ್ಬರೂ ಸಹಿ ಮಾಡಿದ್ದು. ಗುರುವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ ನಿನ್ನ ಹತ್ತಿರ, ಮಿಕ್ಕ ದಿನ ನನ್ನ ಹತ್ತಿರ. ಗುರುವಾರ ಶಾಲೆಯಿಂದ ನೀನು ಕರೆದುಕೊಂಡು ಹೋಗಬೇಕು, ತಡವಾಗುವುದಾದರೆ ಇನ್ನೊಬ್ಬರಿಗೆ ತಿಳಿಸಬೇಕು, ಆಗ ಅವರು ಹೋಗಬೇಕು. ಕೇಳಿದರೆ ಏನೂ ಲೋಪವಿಲ್ಲ ಅನ್ನಿಸುತ್ತದಲ್ಲ. ಮಗು ಯಾವ ಹೊತ್ತಿನಲ್ಲೂ ನಮ್ಮಿಬ್ಬರಲ್ಲಿ ಒಬ್ಬರ ವಶದಲ್ಲಿರಬೇಕು, ಯಾರ ವಶದಲ್ಲೂ ಇಲ್ಲ ಎಂದಾಗಬಾರದು, ಇದನ್ನು ನೋಡಿ ಹೇಳು ಎಂದು ದೊಡ್ಡತ್ತೆಗೆ ಕೊಟ್ಟೆ. ನಾನು ನೀರು ಕುಡಿದು ಬರುವಷ್ಟರಲ್ಲಿ ಹುಳುಕು ಎತ್ತಿ ತೋರಿಸಿತು.

ದಾರಿ ಹೀಗಿತ್ತು. ನನಗೆ ತಡವಾಗುತ್ತದೆ ಎಂದು ನೀನು ಸಂದೇಶ ಕಳಿಸುತ್ತೀಯ. ಸರಿ ನಾನು ಹೋಗುತ್ತೇನೆ ಎಂದು ನಾನು ಕಳಿಸುತ್ತೇನೆ. ಅದು ನಿನಗೆ ತಲುಪುವ ಮೊದಲೇ ನಿನ್ನ ಕೆಲಸ ಮುಗಿದು, ಬೇಡ ನಾನೇ ಹೋಗುತ್ತೇನೆ ಎಂದು ಕಳಿಸುತ್ತೀಯ. ಅದನ್ನು ನೋಡಿ ನಾನು ಅರ್ಧ ದಾರಿಯಿಂದ ತಿರುಗುತ್ತೇನೆ. ನೀನು ನನ್ನ ಹಳೆಯ ಸಂದೇಶ ನೋಡಿ, ಓ ಅವಳೇ ಹೋಗಿದ್ದಾಳೆ ಎಂದು ನಿನ್ನ ದಾರಿಯಿಂದ ತಿರುಗುತ್ತೀಯ. ಇಬ್ಬರೂ ನಿಯಮದಂತೆಯೇ ನಡೆದಿದ್ದೇವೆ, ಇಬ್ಬರೂ ಇನ್ನೊಬ್ಬರನ್ನು ನಂಬಿದ್ದೇವೆ, ಮಗು ಗೇಟಿನಲ್ಲಿ ನಿಂತಿದೆ. ಪರದೆಯ ಮೇಲೆ ಅದನ್ನು ಎರಡು ಸಲ ಓದಿದೆ. ಅದು ನಡೆದಿರಲಿಲ್ಲ, ಆದರೆ ಯಾವ ಗುರುವಾರ ಬೇಕಾದರೂ ನಡೆಯಬಹುದಿತ್ತು.

ಅದರ ಮಾರನೇ ದಿನವೇ ನಾನು ನಿನಗೆ ಹೊಸ ನಿಯಮ ಕಳಿಸಿದ್ದು. ಸಂದೇಶ ಕಳಿಸಿದ ಮಾತ್ರಕ್ಕೆ ಜವಾಬ್ದಾರಿ ದಾಟುವುದಿಲ್ಲ, ಆ ಕಡೆಯಿಂದ ‘ಒಪ್ಪಿದೆ’ ಎಂಬ ಉತ್ತರ ಬರುವವರೆಗೆ ಕಳಿಸಿದವರದೇ ಜವಾಬ್ದಾರಿ, ಒಪ್ಪಿದ ಮೇಲೆ ಹಿಂದೆಗೆಯುವಂತಿಲ್ಲ ಎಂದು. ನೀನು ನಕ್ಕು, ಇದೇನು ನೋಂದಣಿ ಕಚೇರಿನಾ ಎಂದು ಕೇಳಿದೆ. ಆದರೂ ಪಾಲಿಸಿದೆ. ಪ್ರತಿ ಸಲ ಚಾಚೂ ತಪ್ಪದೆ ‘ಒಪ್ಪಿದೆ’ ಎಂದು ಬರೆಯುತ್ತಿದ್ದೆ. ನಾನು ಹೇಳಿದ್ದನ್ನು ನೀನು ತಕರಾರಿಲ್ಲದೆ ಮಾಡಿದ್ದು ಅದೊಂದೇ ಇರಬೇಕು, ಅದಕ್ಕೆ ಥ್ಯಾಂಕ್ಸ್ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ.

ಆ ನಿಯಮ ಸೇರಿಸಿ ಮತ್ತೆ ಕೊಟ್ಟಾಗ ದೊಡ್ಡತ್ತೆ ತುಟಿ ಪಿಟಕ್ಕೆನ್ನಲಿಲ್ಲ. ಗೈಡ್ ಮೇಡಂ ಎಲ್ಲರೆದುರು ನನ್ನ ಮಾದರಿಯನ್ನು ಹಾಕಿ ತೋರಿಸಿದರು. ನನಗಿಂತ ಹತ್ತು ಹದಿನೈದು ವರ್ಷ ಚಿಕ್ಕವರ ನಡುವೆ ಕೂತು ಓದುವವಳಿಗೆ ಅಂಥ ದಿನ ಎಷ್ಟು ದೊಡ್ಡದು ಎಂದು ನಿನಗೆ ಹೇಳಿದರೆ ಗೊತ್ತಾಗುವುದಿಲ್ಲ. ನಮ್ಮ ಸಂಸಾರವನ್ನು ಸರಿಮಾಡಲಾಗದಿದ್ದರೂ ನಮ್ಮ ಅಗಲಿಕೆಯನ್ನಾದರೂ ತಪ್ಪಿಲ್ಲದಂತೆ ಮಾಡಿದೆ ಎಂದು ಬೀಗಿಕೊಂಡೇ ಮನೆಗೆ ಹೋದೆ.

ಈಗ ಗುರುವಾರಕ್ಕೆ ಬರುತ್ತೇನೆ.

ಕಾರ್ಖಾನೆಯ ಲಾರಿ ತೂಗುವ ಯಂತ್ರದ ತಪಾಸಣೆ ಇದೆ, ತಡವಾಗುತ್ತದೆ, ಗೇಟಿನಲ್ಲೇ ಫೋನ್ ಇಸಿದುಕೊಳ್ಳುತ್ತಾರೆ ಎಂದು ನೀನು ಕಳಿಸಿದೆ. ನಾನು ‘ಒಪ್ಪಿದೆ’ ಎಂದೆ. ನೀನೂ ನೋಡಿದೆ, ಎರಡು ಗೆರೆ ನೀಲಿಯಾದವು. ನಾನು ತಕ್ಷಣ ಹೊರಟು ಶಾಲೆಯ ಹತ್ತಿರ ಬಂದೆ. ಗಂಟೆ ಹೊಡೆದು ಸ್ವಲ್ಪ ಹೊತ್ತಾಗಿತ್ತು, ಇಂಥ ಗುರುವಾರಗಳಲ್ಲಿ ಯಾವಾಗಲೂ ಆಗುವಷ್ಟೇ. ಅರ್ಧದಷ್ಟು ಮಕ್ಕಳು ಹೋಗಿಯಾಗಿತ್ತು. ಮೆಣಸು ನಿಲ್ಲುವ ಜಾಗದಲ್ಲಿ, ಆ ಹಸಿರು ಕಬ್ಬಿಣದ ಬೆಂಚಿನ ಹತ್ತಿರ, ಬೇರೆ ಯಾರೋ ಹುಡುಗಿ ಕೂತು ಶೂ ದಾರ ಕಟ್ಟಿಕೊಳ್ಳುತ್ತಿದ್ದಳು.

ಕಾವಲುಗಾರರನ್ನು ಕೇಳಿದೆ. ‘ಅವಳು ಆಗಲೇ ಹೋದಳಲ್ಲ ಮೇಡಂ, ಅಮ್ಮ ತಿರುವಿನಲ್ಲಿ ನಿಂತಿದಾರೆ ಅಂದ್ಲು’ ಎಂದರು. ನಾನು ಅವರ ಎದುರಿಗೇ ನಿಂತಿದ್ದೇನೆ. ಅವರಿಗೂ ಆಗ ಹೊಳೆಯಿತು. ಪಾಪ, ಅವರನ್ನು ಏನೂ ಅನ್ನಬೇಡ. ನಿನ್ನ ಮಗಳು ಸುಳ್ಳು ಹೇಳುವಾಗ ಕಣ್ಣು ಮಿಟುಕಿಸುವುದಿಲ್ಲ, ಅದು ನಿನ್ನ ಮನೆತನದ್ದು.

ತಿರುವಿನವರೆಗೆ ಓಡಿದೆ. ಪುಸ್ತಕದ ಅಂಗಡಿ, ಔಷಧಿ ಅಂಗಡಿ, ಅವಳ ಗೆಳತಿಯ ಮನೆಯ ಮಹಡಿ ಮೆಟ್ಟಿಲು, ಎಲ್ಲ ಕಡೆ ನೋಡಿದೆ. ನಡೆಯುತ್ತಲೇ ನಿನಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಆಗಿರುತ್ತದೆ ಎಂದು ನೀನೇ ಹೇಳಿದ್ದೆ, ಆದರೂ ಮತ್ತೆ ಮಾಡಿದೆ. ಕಡಿದು ಮತ್ತೆ ಮಾಡಿದೆ. ಬೈಯಲು ಅಲ್ಲ. ಆ ಹೊತ್ತಿನಲ್ಲಿ ನನಗೆ ನಿನ್ನ ದನಿ ಬೇಕಿತ್ತು, ಅಷ್ಟೇ. ನೀನು ಫೋನ್ ಎತ್ತಿ ‘ಮೊದಲು ಉಸಿರು ಬಿಡು’ ಅಂದಿದ್ದರೆ ಸಾಕಿತ್ತು.

ಕೊನೆಗೆ ಪೊಲೀಸ್ ಠಾಣೆಯ ಕಡೆಗೆ ರಸ್ತೆ ದಾಟಲು ನಿಂತಾಗ ಫೋನ್ ಇಳಿಸಿದೆ. ಇಳಿಸಿದ ತಕ್ಷಣ ಅದು ಹೊಡೆದುಕೊಂಡಿತು. ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಿಂದ ಒಬ್ಬರು ಮಾತಾಡಿದರು. ‘ಎಷ್ಟು ಹೊತ್ತಿಂದ ಮಾಡ್ತಾ ಇದೀನಿ ತಾಯಿ, ನಿಮ್ಮ ಲೈನು ಬಿಡುವೇ ಇಲ್ಲ. ನಿಮ್ಮ ಮಗಳು ಇಲ್ಲಿದಾಳೆ. ಗಾಬರಿ ಬೇಡ, ಬನ್ನಿ’ ಎಂದರು. ಅವಳು ಸಿಗುವುದು ಅಷ್ಟು ಹೊತ್ತು ತಡವಾಗಿದ್ದು ನಾನು ನಿನ್ನನ್ನು ಬಿಡದೆ ಕರೆಯುತ್ತಿದ್ದುದರಿಂದ.

ಆಟೋದಲ್ಲಿ ಹೋದೆ. ಕೌಂಟರಿನ ಕಿಟಕಿ ಅವಳಿಗೆ ಎತ್ತರ. ಶಾಲೆಯ ಬ್ಯಾಗನ್ನು ನೆಲಕ್ಕೆ ಹಾಕಿ ಅದರ ಮೇಲೆ ಹತ್ತಿ ನಿಂತು ಮಾತಾಡಿದ್ದಳಂತೆ, ಬ್ಯಾಗಿನ ಮೇಲೆ ಎರಡು ಶೂಗಳ ಗುರುತು ಹಾಗೇ ಇತ್ತು. ಕೌಂಟರಿನವರು ಕನ್ನಡಕ ಹಾಕಿದ, ಸ್ವಲ್ಪ ವಯಸ್ಸಾದ ಮನುಷ್ಯ. ನಿನಗೆ ವರ್ಗವಾಗಿರುವ ಊರಿಗೂ ಈ ಊರಿಗೂ ನಡುವೆ ಓಡುವ ಬಸ್ಸುಗಳ ವಿಷಯ ಕೇಳುತ್ತಿದ್ದಳು ಎಂದರು. ಒಬ್ಬಳೇ ಬಂದಿದ್ದಾಳೆ ಎಂದು ಗೊತ್ತಾದ ಮೇಲೆ ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿ, ಕೈಗೆ ಬಿಸ್ಕತ್ತು ಕೊಟ್ಟು, ನಂಬರು ಕೇಳಿ ನನಗೆ ಫೋನ್ ಮಾಡುತ್ತಿದ್ದರು. ನಾನು ಬಂದಾಗ ಅವಳು ಅವರ ಮೈಕಿನಲ್ಲಿ ಮಾತಾಡಬಹುದಾ ಎಂದು ಕೇಳುತ್ತಿದ್ದಳು.

ಎರಡು ಏಟು ಬಿಗಿಯಬೇಕೆನ್ನಿಸಿತು, ಎತ್ತಿ ಅಪ್ಪಿಕೊಳ್ಳಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡದೆ ಬ್ಯಾಗಿನ ಧೂಳು ಕೊಡವಿದೆ. ಆಮೇಲೆ ಹೊರಗಿನ ಬೆಂಚಿನಲ್ಲಿ ಕೂತುಕೊಂಡೆವು. ಓಡಿಹೋಗಲು ಬಂದಿದ್ದೆಯಾ ಎಂದು ಕೇಳಿದೆ. ಅವಳಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ‘ಇಲ್ಲಪ್ಪ. ಕೇಳ್ಕೊಂಡು ಹೋಗಕ್ಕೆ ಬಂದೆ. ನೀವಿಬ್ರೂ ನಂಗೆ ಏನೂ ಹೇಳಲ್ಲ’ ಎಂದಳು.

ತೀರ್ಮಾನವಾಗುವವರೆಗೆ ಅವಳಿಗೆ ಹೇಳುವುದು ಬೇಡ ಎಂದು ನಾವು ಒಪ್ಪಿಕೊಂಡಿದ್ದೆವಲ್ಲ. ಅವಳಿಗೆ ಎಲ್ಲ ಗೊತ್ತು. ಅತ್ತೆ ಪಾತ್ರೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿಡುತ್ತಿರುವುದನ್ನು ನೋಡಿದ್ದಾಳೆ. ನಾನು ಬಾಲ್ಕನಿಯ ಬಾಗಿಲು ಮುಂದೆ ಮಾಡಿಕೊಂಡು ನಿನ್ನ ಜೊತೆ ಪಿಸುಗುಟ್ಟುವುದನ್ನು ಕೇಳಿಸಿಕೊಂಡಿದ್ದಾಳೆ. ಮತ್ತೆ ಗುರುವಾರವನ್ನೇ ಏಕೆ ಆರಿಸಿಕೊಂಡೆ ಎಂದು ಕೇಳಿದ್ದಕ್ಕೆ ಹೇಳಿದಳು: ‘ಬೇರೆ ದಿನ ನೀನು ಗಂಟೆ ಹೊಡೆಯೋ ಮೊದಲೇ ಬಂದು ನಿಂತಿರ್ತೀಯ. ಗುರುವಾರ ಮಾತ್ರ ಯಾರು ಬರೋದು ಅಂತ ನೀವು ಮೆಸೇಜ್ ಮಾಡ್ಕೊತಾ ಇರ್ತೀರಲ್ಲ, ಆವಾಗ ಸ್ವಲ್ಪ ಹೊತ್ತು ನಾನು ಯಾರ ಹತ್ರನೂ ಇರಲ್ಲ.’

ಅವಳಿಗೆ ಹತ್ತು ವರ್ಷ. ಯಾರೂ ಅವಳಿಗೆ ಡಬ್ಬಿ ಬಾಣ ಹೇಳಿಕೊಟ್ಟಿಲ್ಲ.

ನಿನ್ನ ಮನೆಗೆ ಅವಳನ್ನು ಬಿಡಲು ಬಂದಾಗ ನೀನಿನ್ನೂ ಬಂದಿರಲಿಲ್ಲ. ಗೆಳತಿಯ ಮನೆಗೆ ಹೋಗಿದ್ದಳು, ಅದಕ್ಕೆ ತಡ ಎಂದು ಅತ್ತೆಗೆ ಹೇಳಿದೆ. ಅವರು ತಮಗೆ ತಿಳಿದ ಹಾಗೆ ತಿದ್ದಿ ನಿನಗೆ ಹೇಳಿರುತ್ತಾರೆ. ನಿಜ ಹೇಳಿದರೆ ನೀನು ಏನನ್ನುತ್ತೀಯ ಎಂಬ ಭಯ ನನಗೆ. ನಿನ್ನ ಕೈಯಲ್ಲಿ ಒಂದು ಮಗುವನ್ನು ಸರಿಯಾಗಿ ನೋಡಿಕೊಳ್ಳಲಾಗುವುದಿಲ್ಲ, ಇನ್ನು ಇಲ್ಲಿ ಬಿಟ್ಟುಹೋಗುವ ಮಾತೆಲ್ಲಿ ಎಂದು ನೀನು ಹಿಡಿದುಕೊಂಡುಬಿಟ್ಟರೆ ನನ್ನ ಹತ್ತಿರ ಉತ್ತರವಿರಲಿಲ್ಲ. ಈಗಲೂ ಇಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ತಪ್ಪು ಎಲ್ಲಿತ್ತು ಎಂದು ಈಗ ಗೊತ್ತಾಗಿದೆ.

ಶುಕ್ರವಾರ ಲ್ಯಾಬಿಗೆ ಹೋದವಳೇ ನನ್ನ ಮಾದರಿ ತೆಗೆದು ನೋಡಿದೆ. ಮೊದಲ ಸಾಲಿನಲ್ಲೇ ಇತ್ತು. ನಮ್ಮ ಭಾಷೆಯಲ್ಲಿ ಪ್ರತಿಯೊಂದನ್ನೂ ಮೊದಲಿಗೆ ವ್ಯಕ್ತಿ ಅಥವಾ ವಸ್ತು ಎಂದು ಘೋಷಿಸಬೇಕು. ವ್ಯಕ್ತಿ ಕೊಡಬಹುದು, ಪಡೆಯಬಹುದು, ಕಾಯಬಹುದು, ಹೋಗಬಹುದು. ವಸ್ತುವನ್ನು ಕೊಡಲಾಗುತ್ತದೆ, ಪಡೆಯಲಾಗುತ್ತದೆ, ಅಷ್ಟೇ, ಅದು ತಾನಾಗಿ ಏನೂ ಮಾಡುವುದಿಲ್ಲ. ರಕ್ತದ ಸ್ಯಾಂಪಲ್ಲು ಎದ್ದು ನಡೆಯುವುದಿಲ್ಲವಲ್ಲ. ನೀನು ವ್ಯಕ್ತಿ, ನಾನು ವ್ಯಕ್ತಿ. ಮೆಣಸನ್ನು ನಾನು ವಸ್ತು ಎಂದು ಬರೆದಿದ್ದೆ. ಯೋಚಿಸಿಯೂ ಬರೆದದ್ದಲ್ಲ, ಕೈ ತಾನಾಗಿ ಬರೆದಿತ್ತು. ಅಷ್ಟು ಜನ ಅದನ್ನು ನೋಡಿದರು, ಗೈಡ್ ಮೇಡಂ ನೋಡಿದರು, ಯಾರಿಗೂ ಕಣ್ಣಿಗೆ ಬೀಳಲಿಲ್ಲ. ದೊಡ್ಡತ್ತೆ ಕೂಡ ಸುಮ್ಮನಿತ್ತು, ಏಕೆಂದರೆ ಅದು ಕೇಳಿದ್ದಕ್ಕಷ್ಟೇ ಉತ್ತರ ಹೇಳುತ್ತದೆ.

ಆ ಒಂದು ಪದವನ್ನು ತಿದ್ದಿ, ವ್ಯಕ್ತಿ ಎಂದು ಮಾಡಿ ಮತ್ತೆ ಕೊಟ್ಟೆ. ಕೂತು ನೋಡಿದೆ, ಒಂದರ ಮೇಲೊಂದು ದೂರು ಬರುತ್ತಲೇ ಇತ್ತು. ಅವಳು ಗೇಟಿನಿಂದ ಹೊರಡಬಹುದು, ನಿನ್ನ ಮನೆಯಿಂದ ಹೊರಡಬಹುದು, ನನ್ನ ಮನೆಯಿಂದ ಹೊರಡಬಹುದು, ನಾವಿಬ್ಬರೂ ಒಪ್ಪಿದೆ ಎಂದದ್ದನ್ನು ಅವಳು ಒಪ್ಪದಿರಬಹುದು. ಕಡ್ಡಿ ಹಿಂದಿನಿಂದ ಬಗ್ಗಿ ನೋಡಿ, ಅಕ್ಕ ಇದು ಮುಗಿಯೋ ಹಾಗೆ ಕಾಣಲ್ಲ ಎಂದ. ನನಗೆ ನಗುವೂ ಬಂತು, ಅಳುವೂ ಬಂತು.

ಗೈಡ್ ಮೇಡಂಗೆ ಗುರುವಾರದ ವಿಷಯ ಬಿಟ್ಟು ಮಾದರಿಯ ತಪ್ಪನ್ನಷ್ಟೇ ಹೇಳಿದೆ. ಅವರು ನನ್ನ ಮಾದರಿಯನ್ನು ಮತ್ತೆ ತೆರೆದು ನೋಡಿದರು. ಆಮೇಲೆ, ನಮ್ಮ ಆಸ್ಪತ್ರೆಯ ಮಾದರಿಯಲ್ಲಿ ಸ್ಕ್ಯಾನಿಂಗಿಗೆ ಕರೆದೊಯ್ಯುವ ರೋಗಿಯನ್ನು ಏನೆಂದು ಬರೆದಿದ್ದೀರಿ ಎಂದು ಕೇಳಿದರು. ರೋಗಿಯನ್ನೂ ವಸ್ತು ಎಂದೇ ಬರೆದಿದ್ದೆವು. ಗಾಲಿಕುರ್ಚಿಯಲ್ಲಿ ಕಾಯುತ್ತಿರುವ ರೋಗಿಗೆ ಬೇಜಾರಾಗಿ ಎದ್ದು ಹೋದರೆ ನಮ್ಮ ಮಾದರಿಗೆ ಗೊತ್ತೇ ಆಗುತ್ತಿರಲಿಲ್ಲ. ಭಾಷೆಗೆ ಮೂರನೆಯ ಬಗೆಯೊಂದನ್ನು ಸೇರಿಸಬೇಕು, ಬೇರೆಯವರ ವಶದಲ್ಲಿದ್ದೂ ತಾನಾಗಿ ನಡೆಯಬಲ್ಲವರಿಗೆ, ಅದರ ಮೇಲೆ ಒಂದು ಅಧ್ಯಾಯ ಬರೆಯಿರಿ ಎಂದರು. ಹೀಗೆ ನನ್ನ ಓದು ಒಂದು ಹೆಜ್ಜೆ ಮುಂದೆ ಹೋಯಿತು. ನಿನ್ನ ಮಗಳಿಗೆ ಕೃತಜ್ಞತೆ ಸಲ್ಲಿಸಬೇಕಾಗುತ್ತದೆ, ಪ್ರಬಂಧದ ಮೊದಲ ಪುಟದಲ್ಲಿ.

ಇನ್ನು ನಿನ್ನ ಪ್ರಶ್ನೆ.

ನೇರವಾಗಿ ಹೇಳುತ್ತೇನೆ, ನನಗೆ ಅವಳು ಬೇಕು. ಭಾನುವಾರ ಸಂಜೆ ಅವಳ ಶೂ ಬಾಗಿಲ ಹತ್ತಿರ ಬೀಳುವ ಸದ್ದು ಕೇಳುವವರೆಗೆ ನನ್ನ ಮನೆ ಮನೆಯಾಗಿರುವುದಿಲ್ಲ. ಅವಳ ಶಾಲೆ ಇಲ್ಲಿದೆ, ಗೆಳತಿಯರು ಇಲ್ಲಿದ್ದಾರೆ, ಈಜು ಕಲಿಯುವುದು ಅರ್ಧಕ್ಕೆ ಬಂದಿದೆ. ಇವನ್ನೆಲ್ಲ ಬರೆದು ಕೊನೆಯಲ್ಲಿ ‘ಒಪ್ಪಿಗೆ ಇಲ್ಲ’ ಎಂದು ಬರೆದರೆ ನ್ಯಾಯಾಲಯವೂ ನನ್ನ ಕಡೆಗೇ ತೂಗಬಹುದು. ಹಾಗೊಂದು ಪತ್ರವನ್ನು ಬುಧವಾರವೇ ಬರೆದೂ ಇದ್ದೆ. ಹರಿದು ಹಾಕಿದೆ.

ನಿನ್ನ ಕಡೆಯದೂ ನನಗೆ ಕಾಣುತ್ತದೆ. ನೀನು ಬರುತ್ತೇನೆ ಎಂದ ಹೊತ್ತಿಗೆ ಮನೆಗೆ ಬರುತ್ತೀಯ, ಅತ್ತೆ ಬಿಸಿಬಿಸಿ ಊಟ ಹಾಕುತ್ತಾರೆ. ನನ್ನ ಹತ್ತಿರ ಅವಳು ಲ್ಯಾಬಿನ ಮೂಲೆಯ ಮೇಜಿನಲ್ಲಿ ಹೋಮ್‌ವರ್ಕ್ ಮಾಡುತ್ತಾಳೆ, ಕಡ್ಡಿಯ ಜೊತೆ ಚದುರಂಗ ಆಡುತ್ತಾಳೆ, ಹಸಿವು ಎಂದರೆ ‘ಇನ್ನೊಂದು ಐದು ನಿಮಿಷ ಪುಟ್ಟಾ’ ಎನ್ನುತ್ತೇನೆ. ಆ ಐದು ನಿಮಿಷ ಎಷ್ಟು ಉದ್ದ ಎಂದು ನಿನಗೂ ಗೊತ್ತು, ನೀನೂ ಅದರಲ್ಲಿ ಕಾದವನೇ. ನಾನು ಮತ್ತೆ ಓದಲು ಹೊರಟಾಗ ನೀನು ಬೇಡ ಎನ್ನಲಿಲ್ಲ, ಆದರೆ ದಿನದಿನಕ್ಕೂ ಮಾತು ಕಡಿಮೆ ಮಾಡಿದೆ. ನಾನೂ ಏಕೆ ಎಂದು ಕೇಳಲಿಲ್ಲ. ಅದನ್ನು ಇಲ್ಲಿ ಕೆದಕುವುದಿಲ್ಲ.

ನನ್ನ ಉತ್ತರ ಇದು. ನಾನು ಒಪ್ಪುವುದೂ ಇಲ್ಲ, ಬೇಡ ಎನ್ನುವುದೂ ಇಲ್ಲ. ಅವಳನ್ನು ಕೇಳೋಣ. ಮುಂದಿನ ಭಾನುವಾರ ನಾನೇ ನಿನ್ನ ಮನೆಗೆ ಬರುತ್ತೇನೆ. ಅತ್ತೆಯನ್ನು ಸ್ವಲ್ಪ ಹೊತ್ತು ಪಕ್ಕದ ಮನೆಗೆ ಕಳಿಸು, ಇಲ್ಲದಿದ್ದರೆ ಎಲ್ಲ ಪ್ರಶ್ನೆಗೂ ಅವರೇ ಉತ್ತರ ಹೇಳುತ್ತಾರೆ. ನಾವಿಬ್ಬರೂ ಅವಳ ಎದುರು ಕೂತು, ವರ್ಗದ ವಿಷಯ, ಶಾಲೆಯ ವಿಷಯ, ಎಲ್ಲವನ್ನೂ ಇದ್ದಂತೆ ಹೇಳೋಣ. ಆಮೇಲೆ ಕೇಳೋಣ. ಅಲ್ಲಿಯವರೆಗೆ ನೀನು ಅವಳಿಗೆ ಹೊಸ ಊರಿನ ಮನೆಯ ಫೋಟೋ ತೋರಿಸಬೇಡ, ನಾನು ಇಲ್ಲಿ ಸೈಕಲ್ ಕೊಡಿಸುವ ಮಾತು ಎತ್ತುವುದಿಲ್ಲ. ಅವಳು ಏನು ಹೇಳಿದರೂ ನಾನು ಅದಕ್ಕೆ ಬದ್ಧಳು. ನೀನೂ ಹಾಗೇ ಇರಬೇಕು. ಅವಳು ಇಲ್ಲೇ ಇರುತ್ತೇನೆ ಎಂದರೆ ನೀನು ಮುಖ ಊದಿಸಿಕೊಂಡು ಕೂರಬಾರದು, ಅಲ್ಲಿಗೆ ಬರುತ್ತೇನೆ ಎಂದರೆ ನಾನು ಅವಳೆದುರು ಅಳುವುದಿಲ್ಲ. ಅಳುವುದಕ್ಕೆ ನನಗೆ ಬೇಕಾದಷ್ಟು ಹೊತ್ತು ಸಿಗುತ್ತದೆ.

ಈ ಪತ್ರವನ್ನು ಅಂಚೆಯಲ್ಲೇ ಕಳಿಸುತ್ತಿದ್ದೇನೆ. ಸಂಜೆ ನೀನು ಅವಳನ್ನು ಬಿಡಲು ಬಂದಾಗ ನಿನ್ನ ಕೈಗೇ ಕೊಡಬಹುದಿತ್ತು, ಆದರೆ ನೀನು ಅಲ್ಲೇ ನಿಂತು ಓದಲು ಶುರು ಮಾಡುತ್ತೀಯ, ನಾನು ನಿನ್ನ ಮುಖ ನೋಡುತ್ತಾ ನಿಲ್ಲಬೇಕಾಗುತ್ತದೆ. ಅವಳ ಬ್ಯಾಗಿನಲ್ಲಿಟ್ಟು ಕಳಿಸುವುದು ಬೇಡವೆಂದೂ ತೀರ್ಮಾನಿಸಿದ್ದೇನೆ. ನಮ್ಮಿಬ್ಬರ ನಡುವಿನದನ್ನು ಹೊತ್ತು ತಿರುಗುವ ಕೆಲಸ ಅವಳಿಗೆ ಇನ್ನು ಸಾಕು.

ಓದಿದ ಮೇಲೆ ಉದ್ದ ಪತ್ರ ಬರೆಯಬೇಕಿಲ್ಲ. ಒಂದು ಪದ ಬರೆದು ಕಳಿಸು. ಅದು ಬರುವವರೆಗೆ ನಾನು ಕಾಯುತ್ತಿರುತ್ತೇನೆ.

ಇಂತಿ,
ಮೆಣಸಿನ ಅಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಮತ್ತೆ ತೆಗೆದು ಬರೆಯುತ್ತಿದ್ದೇನೆ. ವಿಚಾರಣೆ ಕೌಂಟರಿನವರು ನನಗೆ ಇನ್ನೂ ಒಂದು ಮಾತು ಹೇಳಿದ್ದರು. ಮೇಲೆ ಅದನ್ನು ಬೇಕೆಂದೇ ಬಿಟ್ಟಿದ್ದೆ. ಇಲ್ಲೇ ಇದ್ದುಕೊಂಡು ನಿನ್ನ ಹೊಸ ಊರಿಗೆ ಹೋಗಿ ಬರುವ ಬಸ್ಸನ್ನು ಅವಳು ಕೇಳಲೇ ಇಲ್ಲವಂತೆ. ಶನಿವಾರ ಬೆಳಿಗ್ಗೆ ಅಲ್ಲಿಂದ ಹೊರಟರೆ ಇಲ್ಲಿಗೆ ಎಷ್ಟು ಹೊತ್ತಿಗೆ ಬರಬಹುದು, ಭಾನುವಾರ ಇಲ್ಲಿಂದ ಅಲ್ಲಿಗೆ ಕೊನೆಯ ಬಸ್ಸು ಯಾವುದು, ಅದರಲ್ಲಿ ಹೋದರೆ ಸೋಮವಾರ ಶಾಲೆಗೆ ತಡವಾಗುವುದಿಲ್ಲ ತಾನೆ ಎಂದು ಕೇಳಿದಳಂತೆ. ‘ಅಮ್ಮ ಒಬ್ಳೇ ಆಗ್ತಾಳೆ, ವಾರವಾರ ಬರಬೇಕು, ತಪ್ಪಿಸಕ್ಕಾಗಲ್ಲ’ ಎಂದಳಂತೆ. ಅವರು ನಗುತ್ತಾ ಹೇಳಿದರು, ನಾನೂ ನಕ್ಕೆ. ಮುಂದಿನ ಭಾನುವಾರ ನಾವು ಕೇಳಿದಾಗ ಅವಳು ಮೊದಲು ನನ್ನ ಮುಖ ನೋಡುತ್ತಾಳೆ, ನೋಡಿ ‘ಇಲ್ಲೇ ಇರ್ತೀನಿ’ ಎನ್ನುತ್ತಾಳೆ. ಅದನ್ನು ಉತ್ತರ ಎಂದು ತೆಗೆದುಕೊಳ್ಳಬೇಡ. ಏನಾದರೂ ನೆಪ ಮಾಡಿಕೊಂಡು ನಾನು ಸ್ವಲ್ಪ ಹೊತ್ತು ಹೊರಗೆ ಹೋಗುತ್ತೇನೆ. ಆಗ ಇನ್ನೊಂದು ಸಲ ಕೇಳು.